ಬಲಗಿವಿಯ ಜವಾಬು

ಹಾಡನ್ನು ಸಣ್ಣದು ಮಾಡುವುದೇ ನನ್ನ ಉದ್ಯೋಗವಾಗಿತ್ತು ಎಂದರೆ ಬೀಗರು ಬಿಜ್ಜರೆಲ್ಲ ನಗುತ್ತಾರೆ. "ಅಂದ್ರ ಏನ್ ಮಾಡತಿದ್ರಿ, ಪಲ್ಲವಿ ಕತ್ತರಿಸಿ ಒಗೀತಿದ್ರೇನು?" ಎಂದು ಕೇಳಿದವರೂ ಇದ್ದಾರೆ. ನಗಲಿ ಬಿಡಿ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರದ ಹಾಡಿನ ಅಂಗಡಿಯಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ. ಕ್ಯಾಸೆಟ್ಟು ತುಂಬಿದೆ, ಸೀಡಿ ಮಾಡಿದೆ, ಮೆಮರಿ ಕಾರ್ಡಿಗೆ ಹಾಡು ಹಾಕಿದೆ, ಕಡೆಕಡೆಗೆ ವಾಟ್ಸಾಪಿನಲ್ಲಿ ಹೋಗುವಷ್ಟು ಸಣ್ಣದು ಮಾಡಿಕೊಡುತ್ತ ನಿವೃತ್ತಳಾದೆ. ನಿವೃತ್ತಿ ಎಂದರೆ ಹಾರ ಹಾಕಿ ಶಾಲು ಹೊದಿಸಿದ್ದೇನಲ್ಲ. ಕಣ್ಣು ಮಂಜಾಗತೊಡಗಿತು. ಮಾಲಕರಿಗೆ "ನಾಳಿಂದ ನಾ ಬರೂದಿಲ್ರಿ" ಎಂದೆ. "ಆತವಾ ಶಾರದವ್ವಾ, ಛತ್ರಿ ಬಿಟ್ಟು ಹೋಗಬ್ಯಾಡ" ಎಂದರು. ಅಷ್ಟೇ ಸಮಾರಂಭ.

ಈಗ ಈ ಕೆಲಸಕ್ಕೆ ಬರುವವರು ಇದರಲ್ಲಿ ಕಲಿಯುವುದೇನಿದೆ, ಒಂದು ಗುಂಡಿ ಒತ್ತಿದರೆ ಮುಗಿಯಿತು ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಗುಂಡಿ ಯಾರಾದರೂ ಒತ್ತುತ್ತಾರೆ. ಆದರೆ ಒತ್ತುವ ಮೊದಲು ಏನು ಕೇಳಬೇಕು, ಒತ್ತಿದ ಮೇಲೆ ಯಾರು ಬಂದು ಕುತ್ತಿಗೆ ಹಿಡಿಯುತ್ತಾರೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ನಾನು ಬರೆಯಲು ಕೂತದ್ದು.

ಮೊದಲು ಬಿಟ್ ರೇಟ್ ಎಂದರೇನು ಹೇಳಿಬಿಡುತ್ತೇನೆ. ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಜಾಗ ಕೊಡುತ್ತೀರಿ ಎಂಬುದೇ ಬಿಟ್ ರೇಟ್. ಮುನ್ನೂರಿಪ್ಪತ್ತು ಕೊಟ್ಟರೆ ಹಾಡು ಕಾಲು ಚಾಚಿ ಮಲಗುತ್ತದೆ. ನೂರಿಪ್ಪತ್ತೆಂಟು ಕೊಟ್ಟರೆ ಮಗ್ಗುಲಾಗುತ್ತದೆ. ಅರವತ್ನಾಲ್ಕಕ್ಕೆ ಮುದುಡಿಕೊಳ್ಳುತ್ತದೆ. ಮೂವತ್ತೆರಡಕ್ಕೆ ತಂದಿರೋ, ಕೈಯೋ ಕಾಲೋ ಹಾಸಿಗೆಯ ಹೊರಗೆ ಉಳಿಯಲೇಬೇಕು. ಹಾಗೆ ಹೊರಗುಳಿದದ್ದನ್ನು ಯಂತ್ರ ಎಸೆದುಬಿಡುತ್ತದೆ. ತೆಳ್ಳಗಿನ ಸದ್ದು, ಚೂಪು ಸದ್ದು, ದೂರದಿಂದ ಬಂದ ಸದ್ದು, ಇವೆಲ್ಲ ಮೊದಲು ಹೋಗುತ್ತವೆ. ಎಸೆದದ್ದು ತಿರುಗಿ ಬರುವುದಿಲ್ಲ. ರೋಣದ ಹೋಟೆಲಿನವರೊಬ್ಬರು ಮೂವತ್ತೆರಡರ ಹಾಡುಗಳನ್ನು ತಂದು "ಇವನ್ನ ಮುನ್ನೂರಿಪ್ಪತ್ತು ಮಾಡಿಕೊಡ್ರಿ" ಎಂದು ಪಟ್ಟು ಹಿಡಿದಿದ್ದರು. "ಬೀಸಿದ ಹಿಟ್ಟನ್ನ ತಿರುಗಿ ಜ್ವಾಳ ಮಾಡಿಕೊಡು ಅಂದಂಗ ಆತ್ರಿ ಇದು" ಎಂದೆ. ಸಿಟ್ಟು ಮಾಡಿಕೊಂಡು ಹೋದರು. ಬೇರೆ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದು "ನೋಡ್ರಿ, ಅವರು ಮಾಡಿಕೊಟ್ರು" ಎಂದು ತೋರಿಸಿದರು. ಫೈಲು ದೊಡ್ಡದಾಗಿತ್ತು, ಹಾಡು ಹಾಗೇ ಇತ್ತು. ಅವರ ಮುಖದಲ್ಲಿ ಅಷ್ಟು ಖುಷಿ ಇತ್ತು, "ಚಲೋ ಆತ್ರಿ" ಎಂದೆ.

ಎರಡನೆಯ ಮಾತು: ಎಲ್ಲಿ ಕೂತು ಕೇಳುತ್ತಾರೆ ಎಂದು ಮೊದಲು ಕೇಳಬೇಕು. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಸೀರೆ ನೇಯುವವರು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದ ಸಪ್ಪಳ ಕೇಳಿದವರಿಗೆ ಗೊತ್ತು, ಅದರ ನಡುವೆ ಕೊಳಲಿನ ನಾಜೂಕು ಯಾರಿಗೂ ಬೇಕಿಲ್ಲ. ಪರಸಪ್ಪ ಅಂತ ಒಬ್ಬ ನೇಕಾರ, ನಮ್ಮ ಖಾಯಂ ಗಿರಾಕಿ. ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದ: "ಅಕ್ಕಾರ, ಹಾಡು ಚಲೋ ಇರೂದ ಬ್ಯಾಡ್ರಿ, ಭಾಳ ಇರಬೇಕು. ಹೇಳಿದ್ದನ್ನ ಮತ್ತ ಮತ್ತ ಹೇಳಿದ್ರ ಕೈ ನಿಂತುಬಿಡತೈತಿ." ಅವನಿಗೆ ಅರವತ್ನಾಲ್ಕು ಸಾಕು. ಅದೇ ಲೆಕ್ಕದಲ್ಲಿ ನರಗುಂದದ ಸನಾದಿ ಊದುವವರಿಗೂ ಸಣ್ಣದು ಮಾಡಿಕೊಟ್ಟೆ ನೋಡಿ, ಅವರು ಅಂಗಡಿಯ ಬಾಗಿಲಲ್ಲೇ ನಿಂತು ಕೂಗಾಡಿದರು: "ಏನ್ರಿ ಇದು? ಇದು ನನ್ನ ಸನಾದಿ ಏನು, ನಮ್ಮ ಎಮ್ಮಿ ಬಾನಿಯಾಗ ನೀರು ಕುಡಿಯೂ ಸಪ್ಪಳ!" ಕೇಳಿದರೆ ಖರೇನೇ ಹಾಗಿತ್ತು. ಅಂದಿನಿಂದ ಸನಾದಿ, ತಂಬೂರಿ, ಕೊಳಲು ಬಂದರೆ ನೂರಿಪ್ಪತ್ತೆಂಟಕ್ಕಿಂತ ಕೆಳಗೆ ಇಳಿಸಿದವಳಲ್ಲ. ಪ್ರವಚನವಾದರೆ ಎಷ್ಟು ಬೇಕಾದರೂ ಇಳಿಸಿ, ಯಾರ ತಕರಾರೂ ಬರುವುದಿಲ್ಲ.

ಇನ್ನು ನಮ್ಮ ಮಾಲಕರು. ಈರಣ್ಣ ಮಾಲಕರು ಎಂದರೆ ಮನಸ್ಸು ಬೆಣ್ಣೆ, ಆದರೆ ಅವರ ಜೀವವೆಲ್ಲ ಜಾಗದಲ್ಲಿತ್ತು. ಮಂದಿ ಹೊಲದ ಬದುವಿಗೆ ಜಗಳಾಡುವಂತೆ ಅವರು ಕಂಪ್ಯೂಟರಿನ ಜಾಗಕ್ಕೆ ಜಗಳಾಡುತ್ತಿದ್ದರು. ಕೆಲಸ ಮುಗಿದ ಕೂಡಲೇ ಮೂಲ ಫೈಲು ಅಳಿಸಬೇಕು, ಅದು ಅವರ ಕಾಯಿದೆ. "ಇರಲಿ ಬಿಡ್ರಿ ಮಾಲಕರ, ಅನ್ನ ಬೇಡತೈತೇನು?" ಎಂದರೆ "ಜಾಗ ತಿಂತೈತಲ್ಲವಾ" ಎನ್ನುತ್ತಿದ್ದರು. ಬೇರೆ ಅಂಗಡಿಯ ಕಾರ್ಡಿನಲ್ಲಿ ನೂರು ಹಾಡು ಹಿಡಿದರೆ ನಮ್ಮಲ್ಲಿ ಮುನ್ನೂರು ಹಿಡಿಯಬೇಕು. ಅದೇ ಅವರ ಪ್ರತಿಷ್ಠೆ.

ಒಂದು ದಿನ ಅವರು ಕಂಪ್ಯೂಟರಿನ ಮುಂದೆ ಕೂತವರು ಕುರ್ಚಿಯಿಂದ ಜಿಗಿದರು.

"ಶಾರದವ್ವಾ, ಬಾ ಇಲ್ಲೆ! ಇಷ್ಟ ದಿನಾ ನಾವು ಹುಚ್ಚರಂಗ ಒಂದೊಂದ ಹಾಡನ್ನ ಎರಡೆರಡ ಸಲ ಇಡಾಕತ್ತಿದ್ವಿ ನೋಡು."

"ಅದ್ಹ್ಯಾಂಗ್ರಿ?"

"ಹಾಡು ತಗದ್ರ ಇಲ್ಲೆ ಮ್ಯಾಲ ಒಂದು ಗೆರಿ, ಕೆಳಗ ಒಂದು ಗೆರಿ. ನೋಡು, ಎರಡೂ ಒಂದ ಥರಾ ಅದಾವು. ಮ್ಯಾಲಿಂದು ಎಡಗಿವಿಗಿ, ಕೆಳಗಿಂದು ಬಲಗಿವಿಗಿ. ಮಗ್ಗದ ಮನ್ಯಾಗ ಇರೂದು ಒಂದ ಸ್ಪೀಕರು. ಅದಕ್ಕ ಎರಡು ಕಿವಿ ಅದಾವೇನು?"

"ಎರಡನ್ನೂ ಕೂಡಿಸಿ ಒಂದು ಮಾಡಾಕ ಬರತೈತ್ರಿ ಮಾಲಕರ. ಹಂಗ ಮಾಡ್ರಿ."

"ಕೂಡಿಸೂದು ಯಾಕ? ಒಂದು ಕಿವಿ ತಗದ್ರ ಆತು. ಲಗೂ ಆಗತೈತಿ."

ಹಾಗೆ ನಮ್ಮ ಅಂಗಡಿಯಲ್ಲಿ ಬಲಗಿವಿಯ ಗೆರೆ ಅಳಿಸುವ ಪದ್ಧತಿ ಶುರುವಾಯಿತು. ನಾನು ಕೂತಾಗ ಕೂಡಿಸುತ್ತಿದ್ದೆ, ಅವರು ಕೂತಾಗ ಅಳಿಸುತ್ತಿದ್ದರು. ಸಿನಿಮಾ ಹಾಡುಗಳಲ್ಲಿ ಅಲ್ಲೊಂದು ಪಿಟೀಲು, ಇಲ್ಲೊಂದು ಗೆಜ್ಜೆ ಮಾಯವಾದವು. ಯಾರೂ ಗಮನಿಸಲಿಲ್ಲ. ಮಾಲಕರು ಮೀಸೆ ಮೇಲೆ ಕೈ ಹಾಕಿಕೊಂಡು ಓಡಾಡಿದರು.

ಈಗ ಅಸಲು ಪ್ರಕರಣಕ್ಕೆ ಬರುತ್ತೇನೆ. ನಮ್ಮ ಕಡೆಯ ಹರದೇಶಿ ನಾಗೇಶಿ ಪದಗಳು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಹಾಡಿನಲ್ಲೇ ಜಗಳ ಅದು. ಹರದೇಶಿ ಹಾಡುವವರು ಗಂಡು ಹೆಚ್ಚು ಎಂದು ವಾದಿಸಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ನಿಂತ ನಿಲುವಿನಲ್ಲೇ ಪದ ಕಟ್ಟಿ ಜವಾಬು ಕೊಡಬೇಕು. ಜವಾಬು ಬರದಿದ್ದರೆ ಸೋತಂತೆ. ಕೊಣ್ಣೂರಿನ ಫಕೀರಪ್ಪನವರು ಹರದೇಶಿಯಲ್ಲಿ ದೊಡ್ಡ ಹೆಸರು. ಅಬ್ಬಿಗೇರಿಯ ದ್ಯಾಮವ್ವ ನಾಗೇಶಿಯಲ್ಲಿ. ಅವಳಿಗೆ ಹಗಲು ಹೊಲದಲ್ಲಿ ಕಸ ತೆಗೆಯುವ ಕೂಲಿ ಕೆಲಸ, ಕರೆ ಬಂದಲ್ಲಿ ಪದ. ನರೇಗಲ್ಲಿನಲ್ಲಿ ಇಬ್ಬರಿಗೂ ಜಂಗಿ, ಅಂದರೆ ಹಾಡಿನ ಪಂದ್ಯ, ಬಿತ್ತು. ಧ್ವನಿವರ್ಧಕದವರು ಎಡಗಡೆಯ ಮೈಕು ಫಕೀರಪ್ಪನವರಿಗೆ, ಬಲಗಡೆಯದು ದ್ಯಾಮವ್ವನಿಗೆ ಇಟ್ಟು, ಎಡದ ದನಿ ಎಡಗಿವಿಗೆ, ಬಲದ ದನಿ ಬಲಗಿವಿಗೆ ಹೋಗುವಂತೆ ರೆಕಾರ್ಡು ಮಾಡಿ ನಮ್ಮ ಅಂಗಡಿಗೆ ತಂದುಕೊಟ್ಟರು. ಆ ವಾರ ನಾನು ರೋಣದಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದೆ.

ಮುಂದಿನದು ನಿಮಗೆ ಹೊಳೆದಿರಬೇಕು. ಮಾಲಕರು ಕೂತರು. ಬಲಗಿವಿ ಅಳಿಸಿದರು. ಎಡಗಡೆಯ ಮೈಕಿನಲ್ಲಿ ದ್ಯಾಮವ್ವನ ದನಿ ದೂರದಿಂದ, ತೆಳ್ಳಗೆ, ಒಂದಿಷ್ಟು ಬಿದ್ದಿತ್ತು. ಫೈಲನ್ನು ಮೂವತ್ತೆರಡಕ್ಕೆ ಇಳಿಸಿದಾಗ ಯಂತ್ರ ಅದನ್ನೂ ಎಸೆಯಿತು. ಮೂಲ ಫೈಲು ಕಾಯಿದೆಯ ಪ್ರಕಾರ ಅಳಿಸಿಹೋಯಿತು. ಧ್ವನಿವರ್ಧಕದವರು ಅದೇ ಕಾರ್ಡಿನ ಮೇಲೆ ಮರುದಿನ ಯಾರದೋ ಮದುವೆ ರೆಕಾರ್ಡು ಮಾಡಿಕೊಂಡರು.

ನಾನು ರೋಣದಿಂದ ಬರುವಷ್ಟರಲ್ಲಿ ಆ ಪದ ಗಜೇಂದ್ರಗಡದ ಮಗ್ಗಗಳನ್ನೆಲ್ಲ ಸುತ್ತಿ, ಫೋನಿನಿಂದ ಫೋನಿಗೆ ಜಿಗಿದು ನರಗುಂದ ಮುಟ್ಟಿತ್ತು. ಪರಸಪ್ಪನ ಮಗ್ಗದ ಮನೆಯ ಮುಂದೆ ಹಾಯುವಾಗ ನನ್ನ ಕಿವಿಗೂ ಬಿತ್ತು. ಫಕೀರಪ್ಪನವರ ಗುಡುಗಿನಂಥ ದನಿ:

ಉಟ್ಟ ಸೀರಿ ನೇದಾಂವ ಯಾರ ಹೇಳ ಹೆಣ್ಣ,
ಕುಣಿಯಾಗ ಕುಂತಾಂವ ಗಂಡಲ್ಲೇನ?
ನಾ ನೇಯದಿದ್ದರ ನಿನ್ನ ಮಾನ ಎಲ್ಲಿ ಹೇಳ,
ಮೈಯ ಮುಚ್ಚಿದ ಕೈ ಮೇಲಲ್ಲೇನ?

ಆಮೇಲೆ ಬರೀ ದಪ್ಪು ಬಾರಿಸುವ ಸಪ್ಪಳ. ಜವಾಬು ಇಲ್ಲ. ಒಂದಿಷ್ಟು ಹೊತ್ತಿಗೆ ಜನ ಹೋ ಎಂದು ನಕ್ಕದ್ದು. ಮತ್ತೆ ಫಕೀರಪ್ಪನವರ ಮುಂದಿನ ಸವಾಲು. ಆ ನಗು ದ್ಯಾಮವ್ವನ ಜವಾಬು ಕೇಳಿ ಜನ ಮೆಚ್ಚಿ ನಕ್ಕ ನಗು. ಕಾರ್ಡಿನಲ್ಲಿ ಕೇಳಿದರೆ ಅವಳು ಬಾಯಿ ಬಾರದೆ ನಿಂತಿದ್ದಾಳೆ, ಮಂದಿ ಅವಳನ್ನು ನೋಡಿ ನಗುತ್ತಿದ್ದಾರೆ, ಹಾಗಿತ್ತು. ಮಾಲಕರು ಬಲಗಿವಿ ಅಳಿಸಿದ್ದಾರೆಂದು ಆಗಲೇ ಹೊಳೆಯಿತು. ಅಂಗಡಿಗೆ ಹೋಗಿ ಮಾಲಕರನ್ನು ತರಾಟೆಗೆ ತೆಗೆದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಎರಡು ಸಂತೆ ಕಳೆದಿರಬೇಕು, ದ್ಯಾಮವ್ವನೇ ಬಂದಳು. ಎತ್ತರದ ಆಳು, ಹಣೆಗೆ ಕಾಸಗಲ ಕುಂಕುಮ. ಅಂಗಡಿಯ ಕಟ್ಟೆಯ ಮೇಲೆ ಕೂತು ಸಮಾಧಾನದಿಂದಲೇ ಕೇಳಿದಳು.

"ನನ್ನ ಜವಾಬು ಎಲ್ಲಿ ಇಟ್ಟೀರಿ? ಕೊಡ್ರಿ, ತಗೊಂಡು ಹೋಗತೀನಿ."

ಮಾಲಕರು ಚಹಾ ತರುವ ನೆಪದಲ್ಲಿ ಎದ್ದರು. "ನೀವು ಕುಂದರ್ರಿ ಮಾಲಕರ" ಎಂದೆ. ನಡೆದದ್ದೆಲ್ಲ ಬಿಡಿಸಿ ಹೇಳಿದೆ. ಎಡಗಿವಿ, ಬಲಗಿವಿ, ಅಳಿಸಿದ ಗೆರೆ, ಎಲ್ಲ. ಅವಳು ಕೇಳಿಸಿಕೊಂಡಳು.

"ಹಂಗಾದ್ರ ಯಂತ್ರದ ಪಾಲಿಗೆ ನಾ ಬಲಗಿವಿಯಾಗ ಇದ್ದೆ. ಅದನ್ನ ನೀವು ಕೊಯ್ದು ಒಗದ್ರಿ. ಆತು. ಹೊಲದಾಗ ನನ್ನ ಮೂಕವ್ವ ಅಂತ ಕರಿಯಾಕತ್ಯಾರ. ಅದೂ ಆತು, ತಡಕೋತೀನಿ. ನರಗುಂದದಾಗ ಬರೂ ತಿಂಗಳ ಜಂಗಿ ಐತಿ. ಫಕೀರಪ್ಪಣ್ಣಗ ವೀಳ್ಯೆ ಕೊಟ್ಟಾರ. ನನಗ ಇಲ್ಲ. ಬಾಯಿ ಸತ್ತಾಕಿ ಯಾಕ ಅಂದ್ರಂತ. ಇವತ್ತ ನರಗುಂದದಾಗ ಕರೀಲಿಲ್ಲ ಅಂದ್ರ ನಾಳೆ ಎಲ್ಲೂ ಕರಿಯೂದಿಲ್ಲ. ಪದ ಬಿಟ್ರ ನನಗ ಏನೈತ್ರಿ ತಂಗೀ? ಬರೇ ಕಸಾ ತಗಿಯೂ ಕುರ್ಪಿ."

ಇಷ್ಟು ಹೇಳುವಾಗ ಅವಳ ದನಿ ಒಡೆಯಲಿಲ್ಲ. ನನ್ನ ಕಣ್ಣಲ್ಲೇ ನೀರು ಬಂತು. ಯಾರದೋ ಹಾಡಿನ ಪಿಟೀಲು ಹೋದರೆ ಹೋಗಲಿ, ಇಲ್ಲಿ ಒಂದು ಹೆಣ್ಣುಮಗಳ ಹೆಸರೇ ಹೋಗಿತ್ತು.

ಮೊದಲು ನಾನು ಬಾಯಿಮಾತಿನಲ್ಲಿ ತಿಳಿಹೇಳಲು ನೋಡಿದೆ. ಬಂದ ಬಂದ ಗಿರಾಕಿಗೆಲ್ಲ ತಪ್ಪು ಅಂಗಡಿಯದು, ದ್ಯಾಮವ್ವ ಚೆನ್ನಾಗಿಯೇ ಜವಾಬು ಕೊಟ್ಟಿದ್ದಾಳೆ ಎಂದೆ. ಪರಸಪ್ಪ ತಲೆ ಕೆರೆದುಕೊಂಡ.

"ಅಲ್ರಿ ಅಕ್ಕಾರ, ಯಂತ್ರ ಗಂಡಸಿನ ದನಿ ಬಿಟ್ಟು ಹೆಂಗಸಿನ ದನಿ ಅಷ್ಟ ತಿಂತೈತೇನ್ರಿ? ನಿಮಗ ಆಕಿ ಬೇಕಾದಾಕಿ ಇರಬೇಕು, ಅದಕ್ಕ ಹೇಳತೀರಿ."

ನರೇಗಲ್ಲಿನಲ್ಲಿ ಕೂತು ಕೇಳಿದವರು ಇದ್ದರಲ್ಲ ಎನ್ನುತ್ತೀರಿ. ಇದ್ದರು. ಏನು ಜವಾಬು ಕೊಟ್ಟಳು ಎಂದರೆ "ಭಾಳ ಚಲೋ ಇತ್ರಿ, ನೆನಪಿಲ್ಲ" ಎನ್ನುತ್ತಿದ್ದರು. ನೆನಪಿಲ್ಲದ ಸಾಕ್ಷಿಯನ್ನು ನರಗುಂದದ ಹಿರಿಯರ ಮುಂದೆ ಹೇಗೆ ನಿಲ್ಲಿಸುವುದು?

ಆಗ ನನಗೆ ಕಂಡದ್ದು ಒಂದೇ ದಾರಿ. ಕಾರ್ಡಿನ ಹಾಡಿನಲ್ಲಿ ಸವಾಲು ಸವಾಲಿನ ನಡುವೆ ಜವಾಬಿನ ಜಾಗ ಹಾಗೇ ಖಾಲಿ ಉಳಿದಿತ್ತು. "ದ್ಯಾಮಕ್ಕಾ, ಇಲ್ಲೇ ಮೈಕಿನ ಮುಂದ ಕುಂದರು. ಖಾಲಿ ಜಾಗದಾಗ ಮತ್ತ ಹಾಡು. ನಾ ಕೂಡಿಸಿ ಕೊಡತೀನಿ" ಎಂದೆ. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿದಳು.

"ಬ್ಯಾಡ. ಈಗ ನಾ ಹಾಡಿದ್ರ ಮನ್ಯಾಗ ಕುಂತು ಕಟಗೊಂಡು ಬಂದಾಳ ಅಂತಾರ. ಮೊದಲ ಮೂಕಿ ಅಂದ್ರು, ಆಮ್ಯಾಲ ಕಳ್ಳಿ ಅಂತಾರ. ನಿಂತ ನಿಲುವಿನ್ಯಾಗ ಕಟ್ಟಿದ ಪದ, ನನಗ ಅರ್ಧ ನೆನಪೈತಿ, ಅರ್ಧ ಇಲ್ಲ."

"ಮತ್ತ ಏನು ಮಾಡೂದು?"

"ಎದುರಿಗಿ ನಿಂತು ಕೇಳಿದಾಂವ ಹೇಳಬೇಕು. ಫಕೀರಪ್ಪಣ್ಣ ಬಂದು ಹಾಡಲಿ, ನನ್ನ ಜವಾಬು."

ಆ ಕಾರ್ಡಿನಿಂದ ಫಕೀರಪ್ಪನವರ ಹೆಸರು ಏರಿದ್ದೇ ಏರಿದ್ದು. ಊರೂರಿಂದ ಕರೆ ಬರುತ್ತಿದ್ದವು. ಗೆದ್ದವನನ್ನು ಕರೆದು, ಬಂದು ಸೋತು ಹೋಗಪ್ಪಾ ಎಂದರೆ ಯಾರು ಬರುತ್ತಾರೆ? ಆದರೂ ಮಾಲಕರು ಫೋನು ಮಾಡಿದರು. ಆ ಕಡೆಯಿಂದ "ನೋಡೂಣು" ಎಂಬ ಒಂದೇ ಮಾತು ಬಂತು. ನಮ್ಮ ಕಡೆ ನೋಡೂಣು ಎಂದರೆ ಬರುವುದಿಲ್ಲ ಎಂದೇ ಅರ್ಥ. ದ್ಯಾಮವ್ವ ಮಾತ್ರ ಸೆರಗು ಸರಿಮಾಡಿಕೊಂಡು "ಬರತಾನ" ಎಂದು ಎದ್ದು ಹೋದಳು.

ಮುಂದಿನ ಸಂತೆಯ ದಿನ ಫಕೀರಪ್ಪನವರು ಬಂದರು. ಬಿಳಿ ರುಮಾಲು, ಕೈಯಲ್ಲಿ ಕೊಡೆ, ಬೆವರಿನಲ್ಲಿ ಮಿಂದಿದ್ದರು. ಅವತ್ತು ದ್ಯಾಮವ್ವನೂ ಬಂದಿದ್ದಳು. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದು ತಿನ್ನುವ ಇಬ್ಬರೂ "ಅರಾಮಿದ್ದೀಯವಾ ತಂಗೀ?" "ಅರಾಮ್ರಿ ಅಣ್ಣಾರ" ಎಂದುಕೊಂಡು ಕೂತರು. ಹೆಡ್‌ಫೋನು ಹಾಕಿ ಕಾರ್ಡಿನ ಹಾಡು ಕೇಳಿಸಿದೆ. ಒಂದು ಸವಾಲು ಕೇಳಿ ಅವರೇ ತೆಗೆದಿಟ್ಟರು.

"ಕೇಳೀನವಾ ಇದನ್ನ. ಮಂದಿ ಹೊಗಳಿದಾಗ ಬಾಯಿ ಮುಚಗೊಂಡು ಕುಂತಿದ್ದೆ. ಹೊಗಳಿಕಿ ಸಿಹಿ ಇರತೈತಿ, ಏನ್ ಮಾಡೂದು? ಆದ್ರ ಈಕಿ ಅವತ್ತ ಕೊಟ್ಟ ಜವಾಬು ಐತಲ್ಲ, ಅದು ಮರೀಲಾಕ ಆಗವಲ್ದು. ಉಣ್ಣಾಕ ಕುಂತ್ರ ಅದ, ಮಲಗಿದ್ರ ಅದ. ಇಷ್ಟ ವರ್ಷದಾಗ ಹಂಥಾ ಪೆಟ್ಟು ನಾ ತಿಂದಿಲ್ಲ."

"ಹಂಗಾದ್ರ ಹಾಡ್ರಿ" ಎಂದಳು ದ್ಯಾಮವ್ವ.

ಆ ಹಾಡು ಮುಂದೆ ಎಲ್ಲೆಲ್ಲಿ ಹೋಯಿತು, ನರಗುಂದದವರು ದ್ಯಾಮವ್ವನ ಮನೆ ಬಾಗಿಲಿಗೆ ಹೇಗೆ ವೀಳ್ಯೆ ತಂದರು, ಪರಸಪ್ಪ ಹಲ್ಲು ಕಿರಿಯುತ್ತ ಬಂದು "ಅಕ್ಕಾರ, ಹಳೇದು ಅಳಿಸಿ ಹೊಸಾದು ಹಾಕ್ರಿ" ಎಂದದ್ದು, ಇವೆಲ್ಲ ನಮ್ಮ ಮೂರು ತಾಲೂಕಿನವರಿಗೆ ಗೊತ್ತಿರುವ ಸುದ್ದಿ. ಗೊತ್ತಿಲ್ಲದಿರುವುದು ಮೈಕಿನ ಮುಂದೆ ನಡೆದದ್ದು. ಅದನ್ನು ಹೇಳಿ ಮುಗಿಸುತ್ತೇನೆ.

ಮಾಲಕರು ಫ್ಯಾನು ಆರಿಸಿ ಬಾಗಿಲು ಹಾಕಿದರು. ಸವಾಲಿನ ಸಾಲು ಮುಗಿದು ಖಾಲಿ ಜಾಗ ಬಂತು. ನಾನು ಕೈಸನ್ನೆ ಮಾಡಿದೆ. ಫಕೀರಪ್ಪನವರು ನೆಲ ನೋಡುತ್ತ, ಗಂಟಲಿನಲ್ಲೇ ಹಾಡಿದರು:

ಲಾಳಿಯ ಹೊಟ್ಟಿಯಾಗ ಕಂಡಿಕಿ ಯಾರದೊ,
ಸುತ್ತಿ ಕೊಟ್ಟಾಕಿ ಹೆಣ್ಣಲ್ಲೇನ?
ಕಂಡಿಕಿ ಇಲ್ಲದ ಲಾಳಿ ಓಡಿಸೊ ಜಾಣ,
ಗಾಳಿಯ ಧೋತರ ಉಡತೀಯೇನ?

ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರಿಸುವ ನೂಲಿನ ಉರುಳೆ. ನೇಕಾರರ ಮನೆಯಲ್ಲಿ ಅದನ್ನು ಸುತ್ತುವವರು ಹೆಂಗಸರು. ನನ್ನ ಅವ್ವನೂ ಕಣ್ಣು ಕಾಣುವತನಕ ಸುತ್ತಿದವಳು. ಸೀರೆ ನೇದವನ ಹೆಸರು ಎಲ್ಲರೂ ಹೇಳುತ್ತಾರೆ, ಕಂಡಿಕೆ ಸುತ್ತಿದವಳ ಹೆಸರನ್ನು ಯಾರೂ ಕೇಳಿದ್ದಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು. ಮಾಲಕರು "ಅಬ್ಬಬ್ಬಾ!" ಎಂದರು, ಅದೂ ರೆಕಾರ್ಡಾಯಿತು. ರೆಕಾರ್ಡಾಗಲಿ, ಮತ್ತೆ ಮಾಡಿದರಾಯಿತು ಎಂದು ನಾನು ಯಂತ್ರ ನಿಲ್ಲಿಸಲಿಲ್ಲ. ಆದರೆ ದ್ಯಾಮವ್ವ ಕೈ ಎತ್ತಿ ನಿಲ್ಲಿಸಿದಳು. ಅವಳ ಮುಖ ಕೆಂಪಗಾಗಿತ್ತು.

"ಅಣ್ಣಾರ, ಏನ್ರಿ ಇದು?"

"ಯಾಕವಾ, ಮಾತು ತಪ್ಪಿತೇನು?"

"ಮಾತು ತಪ್ಪಿಲ್ರಿ. ಕೇಳತಿದ್ದಂಗ ನನಗೂ ನೆನಪಾತು, ಒಂದಕ್ಷರ ತಪ್ಪಿಲ್ಲ. ಆದ್ರ ಇದು ನಾ ಗೆದ್ದ ಪದ ಐತ್ರಿ. ಹಿಂಗ ತಲಿ ತಗ್ಗಿಸಿ, ಸೋತವರಂಗ ಹಾಡಬ್ಯಾಡ್ರಿ. ಗೆದ್ದವರಂಗ ಹಾಡ್ರಿ."

ಫಕೀರಪ್ಪನವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. ರುಮಾಲು ಬಿಗಿ ಮಾಡಿಕೊಂಡರು, ಒಂದು ಕೈ ಕಿವಿಗೆ ಹಚ್ಚಿದರು, ಇನ್ನೊಂದು ಕೈ ಮೇಲೆತ್ತಿದರು. ಮುಚ್ಚಿದ ಬಾಗಿಲು ದಾಟಿ ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುವಂತೆ, ಹೆಣ್ಣು ಹೆಚ್ಚು ಎಂದು ಎದೆ ತುಂಬಿ ಹಾಡಿದರು.